‘ತೆರವುಗೊಳಿಸಲಾಗುವುದು’: ಕಡಲತೀರದ ಒಂದು ವಿವಾದವನ್ನು ತರಗತಿಯಲ್ಲಿ ಓದುವ ಬಗೆ

ಪ್ರೌಢಶಾಲೆಯ ಭಾಷಾಪಾಠಗಳಲ್ಲಿ ಮನವಿ ಪತ್ರದಷ್ಟು ಯಾಂತ್ರಿಕವಾಗಿ ಬೋಧಿಸಲ್ಪಡುವ ಪಾಠ ಬೇರೊಂದಿಲ್ಲ. ಇಂದ, ಗೆ, ವಿಷಯ, ಮಾನ್ಯರೆ, ಇಂತಿ ತಮ್ಮ ವಿಶ್ವಾಸಿ ಎಂಬ ಚೌಕಟ್ಟು ವಿದ್ಯಾರ್ಥಿಗೆ ಬಾಯಿಪಾಠವಾಗಿರುತ್ತದೆ. ನಡುವೆ ಬರುವ ಎರಡು ವಾಕ್ಯಗಳೂ ಬಾಯಿಪಾಠವೇ: ಊರಿನ ಬೀದಿದೀಪ ಕೆಟ್ಟಿದೆ, ಜನರಿಗೆ ಬಹಳ ತೊಂದರೆಯಾಗುತ್ತಿದೆ. ಪರೀಕ್ಷೆಯಲ್ಲಿ ಅಂಕ ದೊರೆಯುತ್ತದೆ. ಆದರೆ ಆ ಪತ್ರವನ್ನು ಓದುವ ಅಧಿಕಾರಿಗೆ ದೀಪ ಯಾವ ಬೀದಿಯದು, ಎಂದಿನಿಂದ ಕೆಟ್ಟಿದೆ, ಕತ್ತಲಲ್ಲಿ ಯಾರು ನಡೆಯುತ್ತಾರೆ ಎಂಬುದು ತಿಳಿಯುವುದಿಲ್ಲ. ಇದಕ್ಕೆ ಮುಖ್ಯ ಕಾರಣ, ಬೀದಿದೀಪದ ವಿಷಯದಲ್ಲಿ ಎದುರು ಪಕ್ಷವೇ ಇಲ್ಲದಿರುವುದು. ದೀಪ ಬೇಡವೆನ್ನುವವರು ಯಾರೂ ಇಲ್ಲ. ಆದ್ದರಿಂದ ಬರೆಯುವವನಿಗೆ ಯೋಚಿಸುವ ಅಗತ್ಯವೂ ಬೀಳುವುದಿಲ್ಲ.

ಎರಡು ಕಡೆಯಲ್ಲಿಯೂ ನ್ಯಾಯವಿರುವ ವಿಷಯವನ್ನು ಕೊಟ್ಟಾಗ ಮಾತ್ರ ಮನವಿ ಪತ್ರ ಬರವಣಿಗೆಯಾಗುತ್ತದೆ. ಅಂಥ ವಿಷಯವೊಂದನ್ನು ಎಂಟರಿಂದ ಹತ್ತನೆಯ ತರಗತಿಯವರೆಗೆ ನಾಲ್ಕು ಅವಧಿಗಳಲ್ಲಿ ಬೋಧಿಸಲು ಬೇಕಾದ ಹಿನ್ನೆಲೆ ಇಲ್ಲಿದೆ. ವಿಷಯ ಚೆನ್ನೈ ನಗರದ ಮರೀನಾ ಕಡಲತೀರದ್ದು. ತೀರದ ವಿಹಾರಪಥವನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಲು ಹೊರಟಾಗ ಅಲ್ಲಿಯ ನಿವಾಸಿಗಳು ಎತ್ತಿದ ಪ್ರಶ್ನೆಗಳೇ ಪಾಠದ ಸಾಮಗ್ರಿ.

ಹಿನ್ನೆಲೆ

ಮರೀನಾದ ವಿಹಾರಪಥವನ್ನು ಮಾಡಿಸಿದವನು 1881ರಿಂದ 1886ರವರೆಗೆ ಮದರಾಸಿನ ಗವರ್ನರನಾಗಿದ್ದ ಗ್ರಾಂಟ್ ಡಫ್. ವರ್ಷ 1884. ಸಿಸಿಲಿ ದ್ವೀಪದಲ್ಲಿ ಕಂಡಿದ್ದ ಕಡಲತಡಿಯ ನೆನಪಿನಲ್ಲಿ ಅವನು ಇದಕ್ಕೆ ಮರೀನಾ ಎಂದು ಹೆಸರಿಟ್ಟನು. ಗಾಳಿಸೇವನೆಗೆ ಬರುವವರಿಗಾಗಿ ಹುಟ್ಟಿದ ದಾರಿ ಇದು. ಆದರೆ ದಾರಿಯ ಮುಂದೆ ಇಂದು ಹರಡಿರುವ ಅಗಲವಾದ ಮರಳಿನ ಬಯಲು ಯಾವ ಗವರ್ನರನೂ ಯೋಜಿಸಿದ್ದಲ್ಲ. 1870ರ ದಶಕದಲ್ಲಿ ಉತ್ತರಕ್ಕೆ ಬಂದರಿನ ಕಲ್ಲಿನ ಗೋಡೆಗಳನ್ನು ಸಮುದ್ರದೊಳಕ್ಕೆ ಕಟ್ಟಲಾರಂಭಿಸಿದ ಮೇಲೆ, ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮರಳು ಆ ಗೋಡೆಗೆ ತಡೆದು ದಕ್ಷಿಣ ಭಾಗದಲ್ಲಿ ನಿಂತಿತು. ಅದಕ್ಕೆ ಮುಂಚೆ ಅಲೆಗಳು ಇಂದಿನ ರಸ್ತೆಯ ಸಮೀಪದವರೆಗೆ ಬರುತ್ತಿದ್ದುವು. ಇತ್ತ ಮರೀನಾ ಬೆಳೆದಂತೆ ಅತ್ತ ಬಂದರಿನ ಉತ್ತರಕ್ಕೆ ರಾಯಪುರಂ ಕಡೆಯ ತೀರವನ್ನು ಕಡಲು ಕೊರೆಯುತ್ತ ಬಂದಿತು. ಒಂದು ಊರಿನ ವಿಹಾರಕ್ಕೆ ಒದಗಿದ ಮರಳು ಇನ್ನೊಂದು ಊರಿನ ದಡದಿಂದ ತಪ್ಪಿದ ಮರಳು ಎಂಬ ಸಂಗತಿಯನ್ನು ವಿಜ್ಞಾನ ಶಿಕ್ಷಕರ ನೆರವಿನಿಂದ ನಕ್ಷೆಯ ಮೇಲೆ ತೋರಿಸಿದರೆ ಮಕ್ಕಳಿಗೆ ಬೇಗ ಮನಸ್ಸಿಗೆ ಹಿಡಿಯುತ್ತದೆ.

ಕೂವಂ ನದಿಯ ಮುಖದಿಂದ ಅಡಯಾರಿನ ಕಡೆಗೆ ಸುಮಾರು 6 ಕಿಲೋಮೀಟರು ಉದ್ದದ ಈ ತೀರದಲ್ಲಿ ಮೀನುಗಾರರ ಕೇರಿಗಳಿವೆ: ಅಯೋಧ್ಯಾಕುಪ್ಪಂ, ನಡುಕುಪ್ಪಂ, ನೊಚ್ಚಿಕುಪ್ಪಂ, ಮುಳ್ಳಿಕುಪ್ಪಂ ಮುಂತಾದುವು. ಕುಪ್ಪಂ ಎಂದರೆ ತಮಿಳಿನಲ್ಲಿ ಬೆಸ್ತರ ಕೇರಿ. ಇವರ ಹಳೆಯ ತೆಪ್ಪ ಕಟ್ಟುಮರ. ಕಟ್ಟು, ಮರ ಎರಡೂ ಕನ್ನಡ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲದ ಪದಗಳು. ಇಂಗ್ಲಿಷಿನ ‘ಕ್ಯಾಟಮರಾನ್’ ಎಂಬುದು ಇದೇ ಮಾತು. ಈಗ ಕಟ್ಟುಮರದ ಜಾಗವನ್ನು ಫೈಬರ್ ದೋಣಿಗಳು ಹಿಡಿದಿವೆ. ಬದಲಾಗದಿರುವುದು ಮರಳಿನ ಉಪಯೋಗ. ದೋಣಿಯನ್ನು ಎಳೆದು ನಿಲ್ಲಿಸಲು, ಬಲೆಯನ್ನು ಹರಡಿ ಹರಿದಲ್ಲಿ ಹೆಣೆಯಲು, ಮೀನನ್ನು ಹರಾಜು ಹಾಕಲು, ಉಳಿದುದನ್ನು ಒಣಗಿಸಲು ಮರಳು ಬೇಕು. ದಡದಿಂದಲೇ ಎಳೆಯುವ ಬಲೆಗಂತೂ ಉದ್ದನೆಯ ತೆರವಾದ ತೀರವೇ ಬೇಕು. ಕಾಸರಗೋಡು ಕಡೆಯ ಶಿಕ್ಷಕರು ರಂಪಣಿ ಬಲೆಯನ್ನು ನೆನಪಿಸಿದರೆ ಸಾಕು. ಹತ್ತಾರು ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುವ ಜಾಗದಲ್ಲಿ ಕಟ್ಟೆ, ಕುರ್ಚಿ, ಹುಲ್ಲುಹಾಸು ಬಂದರೆ ಏನಾಗುತ್ತದೆಂಬುದು ಅಲ್ಲಿಯ ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತದೆ.

ನಡೆದಾಡಲು ಬಂದವನ ಕಣ್ಣಿಗೆ ಖಾಲಿಯಾಗಿ ಕಾಣುವ ಮರಳು ಮೀನುಗಾರನ ಪಾಲಿಗೆ ಅಂಗಳ, ಕಣ, ಕಾರ್ಖಾನೆ ಎಲ್ಲವೂ ಹೌದು. ಒಕ್ಕಣೆಯಿಲ್ಲದ ತಿಂಗಳಿನಲ್ಲಿ ಕಣ ಬರಿದಾಗಿದೆ ಎಂದು ಯಾವ ರೈತನೂ ಅದನ್ನು ಬಿಟ್ಟುಕೊಡುವುದಿಲ್ಲವಲ್ಲ.

ವಿವಾದದ ಮೂರು ಘಟ್ಟಗಳು

1985ರಲ್ಲಿ ಮರೀನಾವನ್ನು ಸುಂದರಗೊಳಿಸಬೇಕೆಂದು ಸರ್ಕಾರ ತೀರ್ಮಾನಿಸಿತು. ತೀರದಲ್ಲಿದ್ದ ಕಟ್ಟುಮರಗಳನ್ನೂ ಬಲೆಗಳನ್ನೂ ಬಲವಂತವಾಗಿ ತೆಗೆಸಲಾಯಿತು. ಮೀನುಗಾರರು ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಆ ವರ್ಷದ ಕೊನೆಯಲ್ಲಿ ನಡೆದ ಗಲಭೆಯಲ್ಲಿ ಪೊಲೀಸರು ಗುಂಡು ಹಾರಿಸಿ, ಮೀನುಗಾರರು ಪ್ರಾಣ ಕಳೆದುಕೊಂಡರು. ಇದನ್ನು ಹೇಳುವಾಗ ಶಿಕ್ಷಕರು ಧ್ವನಿಯೇರಿಸಬೇಕಾಗಿಲ್ಲ, ಸಂಗತಿಯೇ ಸಾಕು. ಆದರೆ ಮರೆಯಿಸಲೂ ಕೂಡದು. ಸೌಂದರ್ಯವೆಂಬ ಮೆದುವಾದ ಮಾತಿನ ಹಿಂದೆ ಜೀವ ಹೋಗುವಷ್ಟು ಗಡಸು ಇರಬಲ್ಲದೆಂಬುದು ಈ ಪಾಠದ ನಡುವಿನ ಮಾತು.

ಅದೇ ವಿಹಾರಪಥದಲ್ಲಿ, ಶಿಲ್ಪಿ ದೇವಿಪ್ರಸಾದ್ ರಾಯ್ ಚೌಧರಿಯವರು ರೂಪಿಸಿದ, ನಾಲ್ವರು ಕೂಲಿಗಳು ದೊಡ್ಡ ಬಂಡೆಯೊಂದನ್ನು ಸರಿಸುವ ಪ್ರತಿಮೆ 1959ರಿಂದ ನಿಂತಿದೆ. ‘ಶ್ರಮದ ವಿಜಯ’ ಎಂಬುದು ಅದರ ಹೆಸರು. 1923ರಲ್ಲಿ ದೇಶದ ಮೊದಲ ಮೇ ದಿನಾಚರಣೆಯನ್ನು ಈ ತೀರದಲ್ಲಿ ನಡೆಸಿದ ಸಿಂಗಾರವೇಲರು ಮೀನುಗಾರರ ಮನೆತನದಲ್ಲಿಯೇ ಹುಟ್ಟಿದವರು. ಶ್ರಮದ ಪ್ರತಿಮೆಗೆ ಜಾಗವಿರುವ ಕಡೆ ಶ್ರಮಕ್ಕೆ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುವಂತೆ ಚಿತ್ರವನ್ನು ತೋರಿಸಿ ಸುಮ್ಮನಿರುವುದು ಲೇಸು.

ಎರಡನೆಯ ಘಟ್ಟ 2004ರ ಡಿಸೆಂಬರ್ 26ರ ಸುನಾಮಿಯದು. ತೀರದ ಕೇರಿಗಳ ಜನರೂ ಬೆಳಗಿನ ನಡಿಗೆಗೆ ಬಂದವರೂ ಅಂದು ಸತ್ತರು. ತರುವಾಯ ನೀರಿನಿಂದ ದೂರವಿರುವುದೇ ಕ್ಷೇಮವೆಂಬ ವಾದ ಬಲವಾಯಿತು. ಅದನ್ನು ಸುಳ್ಳೆನ್ನಲಾಗದು. ಆದರೆ ನಗರದ ಹೊರಗೆ ದೂರದ ಸೆಮ್ಮಂಚೇರಿಯಲ್ಲಿ ಮನೆ ಪಡೆದ ಮೀನುಗಾರ ಕುಟುಂಬಕ್ಕೆ ಕಡಲೇ ಕಾಣುವುದಿಲ್ಲ. ನಸುಕಿನಲ್ಲಿ ದೋಣಿ ಇಳಿಸಬೇಕಾದವನು ಬಸ್ಸಿಗೆ ಕಾಯಬೇಕಾಗುತ್ತದೆ. ಜೀವದ ರಕ್ಷಣೆ, ಜೀವನದ ರಕ್ಷಣೆ ಎಂಬ ಎರಡು ಮಾತುಗಳ ನಡುವಣ ಅಂತರ ಇಷ್ಟು ಸ್ಪಷ್ಟವಾಗಿ ಕಾಣುವ ಸಂದರ್ಭ ವಿರಳ.

ಮೂರನೆಯದು ಇತ್ತೀಚಿನದು. ದೀಪಸ್ತಂಭದಿಂದ ದಕ್ಷಿಣಕ್ಕೆ ನೊಚ್ಚಿಕುಪ್ಪದ ಮುಂದೆ ಹಾಯುವ ಲೂಪ್ ರಸ್ತೆಯ ಅಂಚಿನಲ್ಲಿ ಮೀನು ಮಾರುವ ಅಂಗಡಿಗಳಿಂದ ವಾಹನ ಸಂಚಾರಕ್ಕೆ ಅಡ್ಡಿಯಾಗುತ್ತಿದೆ ಎಂಬ ವಿಷಯವನ್ನು 2023ರ ಏಪ್ರಿಲಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿತು. ನಗರಪಾಲಿಕೆಯ ಸಿಬ್ಬಂದಿ ಪೊಲೀಸರ ರಕ್ಷಣೆಯಲ್ಲಿ ಅಂಗಡಿಗಳನ್ನು ತೆಗೆದರು. ಮೀನುಗಾರರು ದೋಣಿಗಳನ್ನು ತಂದು ರಸ್ತೆಗೆ ಅಡ್ಡವಿಟ್ಟರು. ಅವರ ವಾದ ಒಂದೇ ಮಾತಿನದು: ತಾವು ರಸ್ತೆಯ ಮೇಲೆ ಬಂದವರಲ್ಲ, ರಸ್ತೆಯೇ ತಮ್ಮ ಮೇಲೆ ಬಂದದ್ದು. ಮುಂದೆ ಅಲ್ಲಿಯೇ ಹೊಸ ಮೀನು ಮಾರುಕಟ್ಟೆಯೊಂದು ಕಟ್ಟಲ್ಪಟ್ಟು, 366 ಅಂಗಡಿಗಳೊಂದಿಗೆ 2024ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು.

ನಿವಾಸಿಗಳೆಂದರೆ ಯಾರು

ಇಷ್ಟನ್ನು ಕೇಳಿದ ತರಗತಿ ಸಹಜವಾಗಿಯೇ ಮೀನುಗಾರರ ಪಕ್ಷ ವಹಿಸುತ್ತದೆ. ಪಾಠ ಅಲ್ಲಿಗೆ ನಿಂತರೆ ಅದು ಮತ್ತೆ ಬೀದಿದೀಪದ ಪತ್ರವೇ ಆಗುತ್ತದೆ. ಆದ್ದರಿಂದ ಎರಡನೆಯ ಅವಧಿಯಲ್ಲಿ ಉಳಿದ ನಿವಾಸಿಗಳನ್ನು ಒಬ್ಬೊಬ್ಬರಾಗಿ ತರಗತಿಗೆ ಕರೆತರಬೇಕು. ಆ ರಸ್ತೆಯಲ್ಲಿ ದಿನವೂ ಕೆಲಸಕ್ಕೆ ಹೋಗುವವನಿಗೆ ವಾಹನ ನಿಂತು ಹೋಗುವುದು ನಿಜವಾದ ಸಂಕಟ. ಮೊಣಕಾಲು ನೋವಿನ ಹಿರಿಯರಿಗೆ ಸಮತಟ್ಟಾದ ದಾರಿ, ಕುಳಿತುಕೊಳ್ಳಲು ಕಟ್ಟೆ, ಶೌಚಾಲಯ ಬೇಕು. ಸುಂಡಲ್, ಬಜ್ಜಿ ಮಾರುವವನಿಗೆ ಜನ ಸೇರುವ ಕಡೆಯೇ ಜಾಗ ಬೇಕು.

ಗಾಲಿಕುರ್ಚಿಯಲ್ಲಿ ಬರುವವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುವುದು ಒಳ್ಳೆಯದು. ಮರಳಿನಲ್ಲಿ ಗಾಲಿ ಹೂತುಹೋಗುವುದರಿಂದ ಚೆನ್ನೈಯಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಅಂಗವಿಕಲರು ನೀರನ್ನು ಮುಟ್ಟಿರಲಿಲ್ಲ. ಅವರ ಬಹುಕಾಲದ ಬೇಡಿಕೆಯಂತೆ 2022ರ ನವೆಂಬರಿನಲ್ಲಿ 263 ಮೀಟರು ಉದ್ದದ ಮರದ ಹಾದಿಯನ್ನು ಅಲೆಗಳ ಸಮೀಪದವರೆಗೆ ಹಾಕಲಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಬಂದ ಮಾಂಡೌಸ್ ಚಂಡಮಾರುತ ಅದರ ಕಡಲ ಕಡೆಯ ತುದಿಯನ್ನು ಮುರಿಯಿತು, ಮತ್ತೆ ದುರಸ್ತಿಯಾಯಿತು. ತೀರದಲ್ಲಿ ಏನನ್ನೂ ಕಟ್ಟಕೂಡದೆನ್ನುವ ವಿದ್ಯಾರ್ಥಿಗೂ, ಏನನ್ನು ಬೇಕಾದರೂ ಕಟ್ಟಬಹುದೆನ್ನುವ ವಿದ್ಯಾರ್ಥಿಗೂ ಈ ಒಂದು ಉದಾಹರಣೆ ಉತ್ತರ ಕೊಡುತ್ತದೆ.

ಮೀನು ಮಾರುವ ಹೆಂಗಸಿನ ಚಿಂತೆ ದೋಣಿಯವನ ಚಿಂತೆಗಿಂತ ಬೇರೆ. ಅವನಿಗೆ ಮರಳು ಬೇಕು, ಅವಳಿಗೆ ಗಿರಾಕಿ ಬೇಕು. ರಸ್ತೆಯಂಚಿನಲ್ಲಿ ಕುಳಿತರೆ ಹೋಗುವವರು ನಿಂತು ಕೊಳ್ಳುತ್ತಾರೆ. ಮಾರುಕಟ್ಟೆಯೊಳಗೆ ನೆರಳು, ನೀರು, ಚರಂಡಿ ಇವೆ. ಆದರೆ ಒಳಸಾಲಿನ ಅಂಗಡಿಯವಳ ಬಳಿಗೆ ಗಿರಾಕಿ ನಡೆದು ಬರಬೇಕು. ಒಂದೇ ಮನೆಯ ಇಬ್ಬರ ಮನವಿಯೂ ಒಂದೇ ಆಗಿರಬೇಕಾಗಿಲ್ಲವೆಂದು ತಿಳಿದ ದಿನ ಹತ್ತನೆಯ ತರಗತಿಯ ವಿದ್ಯಾರ್ಥಿ ‘ಜನರು’ ಎಂಬ ಪದವನ್ನು ಎಚ್ಚರದಿಂದ ಬಳಸತೊಡಗುತ್ತಾನೆ.

ಕಾನೂನಿನ ವಿಷಯ ಸ್ವಲ್ಪವೇ ಸಾಕು. ಉಬ್ಬರದ ಗೆರೆಯಿಂದ 500 ಮೀಟರುವರೆಗಿನ ತೀರವನ್ನು ನಿಯಂತ್ರಣಕ್ಕೊಳಪಡಿಸಿದ ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ 1991ರಲ್ಲಿ ಹೊರಟಿತು. 2011ರಲ್ಲಿಯೂ 2019ರಲ್ಲಿಯೂ ಅದರ ಸ್ಥಾನದಲ್ಲಿ ಹೊಸವು ಬಂದುವು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಂತೆ ವ್ಯಾಪಾರಿಗಳ ಸಮೀಕ್ಷೆ ಮೊದಲು ನಡೆಯಬೇಕು. ಸ್ಥಳಾಂತರಿಸುವುದಾದರೆ ಮೂವತ್ತು ದಿನಗಳ ಸೂಚನೆ ಕೊಡಬೇಕು. ಕಡಲತೀರಗಳಿಗೆ ಸಿಗುವ ‘ನೀಲಿ ಬಾವುಟ’ದ ಮನ್ನಣೆಯ ಸುದ್ದಿಯನ್ನು ಮಕ್ಕಳು ಓದಿರಬಹುದು. ಪಡುಬಿದ್ರಿ, ಹೊನ್ನಾವರದ ಕಾಸರಕೋಡು, ಕೇರಳದ ಕಾಪ್ಪಾಡ್ ತೀರಗಳಿಗೆ 2020ರಲ್ಲಿ ಅದು ದೊರೆಯಿತು. ಮರೀನಾದ ಒಂದು ಭಾಗದಲ್ಲಿಯೂ ಅದರ ಮಾನದಂಡಕ್ಕೆ ತಕ್ಕ ಸೌಕರ್ಯ ಕಲ್ಪಿಸುವ ಕೆಲಸ ಈಚೆಗೆ ನಡೆದಿದೆ.

ಭಾಷೆಯ ಕೆಲಸ

ಮೂರನೆಯ ಅವಧಿಯೇ ಪಾಠದ ಮುಖ್ಯ ಭಾಗ. ಪಾಠಕ್ಕಾಗಿಯೇ ರಚಿಸಿದ ಈ ಕಲ್ಪಿತ ಪ್ರಕಟಣೆಯನ್ನು ಕರಿಹಲಗೆಯ ಮೇಲೆ ಬರೆಯಬೇಕು:

“ಸಾರ್ವಜನಿಕರ ಅನುಕೂಲಕ್ಕಾಗಿ ಕಡಲತೀರದ ವಿಹಾರಪಥವನ್ನು ಅಭಿವೃದ್ಧಿಪಡಿಸಲಾಗುತ್ತಿದೆ. ಸದರಿ ಪ್ರದೇಶದಲ್ಲಿರುವ ಒತ್ತುವರಿಗಳನ್ನು ತೆರವುಗೊಳಿಸಲಾಗುವುದು. ಅರ್ಹರಿಗೆ ಪರ್ಯಾಯ ವ್ಯವಸ್ಥೆ ಕಲ್ಪಿಸಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು.”

ಪ್ರತಿ ವಾಕ್ಯದ ಕರ್ತೃಪದಕ್ಕೆ ಗೆರೆ ಎಳೆಯಲು ಹೇಳಿದರೆ ತರಗತಿ ತಬ್ಬಿಬ್ಬಾಗುತ್ತದೆ. ಗೆರೆ ಎಳೆಯಲು ಪದವೇ ಇಲ್ಲ. ವ್ಯಾಕರಣ ಪಾಠದಲ್ಲಿ ಮಕ್ಕಳು ಕಲಿತ ಕರ್ಮಣಿ ಪ್ರಯೋಗದಲ್ಲಿ ಕರ್ತೃವಿಗೆ ಒಂದು ಮೂಲೆಯಾದರೂ ಉಳಿದಿರುತ್ತದೆ: ‘ಸಿಬ್ಬಂದಿಯಿಂದ ಅಂಗಡಿಗಳು ತೆಗೆಯಲ್ಪಟ್ಟವು’ ಎನ್ನುವಾಗ ಸಿಬ್ಬಂದಿ ತೃತೀಯಾ ವಿಭಕ್ತಿಯಲ್ಲಿ ನಿಂತಿದೆ. ‘ಅಂಗಡಿಗಳನ್ನು ತೆಗೆಯಲಾಯಿತು’ ಎಂದಾಗ ಕರ್ಮಪದ ದ್ವಿತೀಯಾ ವಿಭಕ್ತಿಯಲ್ಲಿಯೇ ಉಳಿಯುತ್ತದೆ, ಮಾಡಿದವನು ಮಾತ್ರ ವಾಕ್ಯದಿಂದ ಹೊರಗಾಗುತ್ತಾನೆ. ಕಚೇರಿಯ ಕನ್ನಡಕ್ಕೆ ಈ ‘ಲಾಗುವುದು’ ಎಷ್ಟು ಪ್ರಿಯವೆಂದರೆ ಅದಿಲ್ಲದ ಸುತ್ತೋಲೆಯನ್ನು ಸುತ್ತೋಲೆಯೆಂದು ನಂಬುವುದೇ ಕಷ್ಟ. ಈ ಲೇಖನದಲ್ಲಿಯೇ 1985ರ ಸಂಗತಿಯನ್ನು ಹೇಳುವಾಗ ಕಟ್ಟುಮರಗಳನ್ನು ‘ತೆಗೆಸಲಾಯಿತು’ ಎಂದಿದೆ. 2023ರ ಸಂಗತಿಯಲ್ಲಿ ‘ಸಿಬ್ಬಂದಿ ತೆಗೆದರು’ ಎಂದಿದೆ. ಎರಡನ್ನೂ ಓದಿಸಿ, ಯಾವುದರಲ್ಲಿ ಮಾಡಿದವರು ಕಾಣುತ್ತಾರೆ ಎಂದು ಕೇಳಬಹುದು.

ಪ್ರಕಟಣೆಯ ನಾಲ್ಕನೆಯ ವಾಕ್ಯಕ್ಕೆ ಬಂದಾಗ ಮಕ್ಕಳು ಇನ್ನೊಂದನ್ನು ಕಾಣುತ್ತಾರೆ. ಮೊದಲ ಮೂರರಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲ; ಎಲ್ಲವೂ ಮಳೆ ಬಂದಂತೆ ತಾನಾಗಿ ಆಗುತ್ತಿದೆ. ಕೊನೆಯದರಲ್ಲಿ ‘ತಕ್ಕದ್ದು’ ಬಂದು ಕೆಲಸ ಓದುವವನ ತಲೆಯ ಮೇಲೆ ಬೀಳುತ್ತದೆ. ನಿಗದಿತ ಅವಧಿ ಯಾವುದು? ಅರ್ಹರನ್ನು ಗೊತ್ತುಮಾಡುವವರು ಯಾರು? ಮೀನು ಮಾರುವವಳು ಸಾರ್ವಜನಿಕರಲ್ಲಿ ಒಬ್ಬಳೋ ಅಥವಾ ಒತ್ತುವರಿಗಳಲ್ಲಿ ಒಂದೋ? ಈ ಕೊನೆಯ ಪ್ರಶ್ನೆಗೆ ತರಗತಿ ಸಾಕಷ್ಟು ಹೊತ್ತು ತೆಗೆದುಕೊಳ್ಳಲಿ. ಒತ್ತುವರಿ ಎಂಬ ಪದದಲ್ಲಿ ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬ ತೀರ್ಪು ಅಡಗಿದೆ. ಕಾಗದದಲ್ಲಿ ಹಕ್ಕು ಬರೆದಿರುವವನು ಮೊದಲಿಗನೋ, ಕಾಗದ ಹುಟ್ಟುವುದಕ್ಕೆ ಮುಂಚೆ ಬಲೆ ಒಣಗಿಸುತ್ತಿದ್ದವನು ಮೊದಲಿಗನೋ ಎಂಬುದೇ ವಿವಾದವಾಗಿರುವಾಗ, ಒಂದು ಪಕ್ಷದ ತೀರ್ಪನ್ನು ಹೊತ್ತ ಪದ ಪ್ರಕಟಣೆಯ ಎರಡನೆಯ ವಾಕ್ಯದಲ್ಲಿಯೇ ಬಂದು ಕುಳಿತಿದೆ.

ಇದೇ ದೋಷ ಮನವಿ ಬರೆಯುವವರಲ್ಲಿಯೂ ಇದೆಯೆಂಬುದನ್ನು ಕೂಡಲೇ ತೋರಿಸಬೇಕು. ಇಲ್ಲದಿದ್ದರೆ ಪಾಠ ಕಚೇರಿಗಳ ಗೇಲಿಯಾಗಿ ಮುಗಿಯುತ್ತದೆ. ‘ಈ ಯೋಜನೆಯಿಂದ ಬಡವರಿಗೆ ಬಹಳ ಅನ್ಯಾಯವಾಗುತ್ತಿದೆ. ಆದ್ದರಿಂದ ಯೋಜನೆಯನ್ನು ಕೈಬಿಡಬೇಕೆಂದು ಪ್ರಾರ್ಥನೆ’ ಎಂಬ ವಾಕ್ಯಗಳಲ್ಲಿಯೂ ಯಾರೂ ಇಲ್ಲ. ಇದನ್ನು ಹೀಗೆ ತಿದ್ದಬಹುದು:

“ನಾವು ಬೆಳಗಿನ 6 ಗಂಟೆಯಿಂದ 10 ಗಂಟೆಯವರೆಗೆ, ದೋಣಿಯಿಂದ ಇಳಿಸಿದ ಮೀನನ್ನು ದಡದಿಂದ ಐವತ್ತು ಹೆಜ್ಜೆಯ ದೂರದಲ್ಲಿ ಮಾರುತ್ತೇವೆ. ತಾವು ಗುರುತಿಸಿರುವ ಹೊಸ ಜಾಗ ಅಲ್ಲಿಂದ ಅರ್ಧ ಕಿಲೋಮೀಟರು. ಮೀನು ಹೊರುವ ಕೂಲಿಯೂ ಮಂಜುಗಡ್ಡೆಯ ಖರ್ಚೂ ನಮ್ಮ ಮೇಲೆ ಬೀಳುತ್ತವೆ. ವಿಹಾರಪಥಕ್ಕೆ ನಮ್ಮ ಅಡ್ಡಿಯಿಲ್ಲ. ಕಟ್ಟೆಯ ನಡುವೆ ಎರಡು ಕಡೆ ದೋಣಿ ಎಳೆಯುವಷ್ಟು ದಾರಿ ಬಿಡಬೇಕೆಂದೂ, ಬೆಳಗಿನ ನಾಲ್ಕು ಗಂಟೆಗಳ ಮಟ್ಟಿಗೆ ಈಗಿನ ಜಾಗದಲ್ಲಿಯೇ ಮಾರಲು ಅವಕಾಶ ಕೊಡಬೇಕೆಂದೂ ಕೋರುತ್ತೇವೆ.”

ಇದರಲ್ಲಿ ಕಣ್ಣೀರಿನ ಮಾತು ಒಂದೂ ಇಲ್ಲ. ಹೊತ್ತು, ದೂರ, ಖರ್ಚು ಇವೆ. ಒಪ್ಪಿಗೆ ಎಲ್ಲಿದೆ, ಅಡ್ಡಿ ಎಲ್ಲಿದೆ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಉತ್ತರ ಬರೆಯಬೇಕಾದ ಅಧಿಕಾರಿ ‘ಪರಿಶೀಲಿಸಲಾಗುವುದು’ ಎಂದು ಜಾರಿಕೊಳ್ಳುವುದು ಇಂಥ ಪತ್ರದ ಮುಂದೆ ತುಸು ಕಷ್ಟ. ಅಸಾಧ್ಯವೇನಲ್ಲ.

ಕಡಲನ್ನು ಕಾಣದ ಮಕ್ಕಳು

ತಾಳವಾಡಿಯ, ಜತ್ತದ, ಆದೋನಿಯ ಮಕ್ಕಳಲ್ಲಿ ಬಹುಪಾಲು ಕಡಲನ್ನು ಕಂಡಿರುವುದಿಲ್ಲ. ಅದರಿಂದ ತೊಂದರೆಯಿಲ್ಲ. ನಾಲ್ಕನೆಯ ಅವಧಿಯಲ್ಲಿ ಅವರವರ ಊರಿನ ಕೆರೆಯ ಏರಿಯನ್ನೋ ಸಂತೆಯ ಮೈದಾನವನ್ನೋ ಬಸ್ ನಿಲ್ದಾಣದ ಅಂಗಳವನ್ನೋ ತೆಗೆದುಕೊಳ್ಳಬಹುದು. ಏರಿಯ ಮೇಲೆ ನಡಿಗೆದಾರಿ, ಕಂಬಿಬೇಲಿ, ದೀಪ ಹಾಕುತ್ತಾರೆಂದು ಊಹಿಸಿಕೊಳ್ಳಲಿ. ದನಗಳನ್ನು ನೀರಿಗೆ ಇಳಿಸುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವ ಗುತ್ತಿಗೆದಾರರು, ಸಂಜೆ ನಡೆದಾಡುವ ನಿವೃತ್ತರು, ಹಬ್ಬದಲ್ಲಿ ದೇವರ ಮೂರ್ತಿಯನ್ನು ಬಿಡಲು ಬರುವವರು ಎಂದು ಐದು ಗುಂಪುಗಳಾಗಲಿ. ಮನವಿ ಬರೆಯುವುದಕ್ಕೆ ಮುಂಚೆ ಪ್ರತಿ ಗುಂಪೂ ಒಂದು ಬೆಳಿಗ್ಗೆ, ಒಂದು ಸಂಜೆ ಆ ಜಾಗಕ್ಕೆ ಹೋಗಿ ಅಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಗಂಟೆ ಸಹಿತ ಬರೆದುಕೊಂಡು ಬರಬೇಕು. ಈ ಟಿಪ್ಪಣಿಯಿಲ್ಲದೆ ಬರೆದ ಪತ್ರಕ್ಕೆ ಅಂಕ ಕೊಡಬೇಕಾಗಿಲ್ಲ.

ಆರನೆಯ ಗುಂಪೊಂದು ಅಧಿಕಾರಿಯಾಗಿ ಕುಳಿತು ಐದೂ ಪತ್ರಗಳಿಗೆ ಉತ್ತರ ಬರೆಯಲಿ. ಉತ್ತರದ ಪ್ರತಿ ವಾಕ್ಯದಲ್ಲಿಯೂ ‘ನಗರಪಾಲಿಕೆ’, ‘ನಾನು’, ‘ಎಂಜಿನಿಯರರು’ ಎಂದು ಕರ್ತೃಪದವಿರಬೇಕೆಂಬುದೊಂದೇ ನಿಯಮ. ಐದು ಬೇಡಿಕೆಗಳನ್ನೂ ಒಂದೇ ಏರಿಯ ಮೇಲೆ ಈಡೇರಿಸಲಾಗದೆಂಬುದು ಈ ಗುಂಪಿಗೆ ಬೇಗನೆ ತಿಳಿಯುತ್ತದೆ. ಯಾರಿಗೆ ಇಲ್ಲವೆಂದರೋ ಅವರಿಗೆ ಕಾರಣವನ್ನು ಅವರು ಬರೆಯಲೇಬೇಕು. ಸಾಮಾನ್ಯವಾಗಿ ಅಧಿಕಾರಿಯ ಗುಂಪಿಗೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಭಾಷೆಯಲ್ಲಿ ಚುರುಕಾದ ಮಕ್ಕಳನ್ನು ಅಲ್ಲಿಗೆ ಹಾಕುವುದು ಒಳಿತು.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಹಂತದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಕನ್ನಡದಲ್ಲಿ ಬರೆದರೆ ಇಲ್ಲಿಯ ಕಚೇರಿಯಲ್ಲಿ ಓದುವವರು ಯಾರು? ಸಂವಿಧಾನದ 350ನೆಯ ಅನುಚ್ಛೇದದಂತೆ, ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವುದೇ ವ್ಯಕ್ತಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಮನವಿ ಸಲ್ಲಿಸಬಹುದು. ಕಾಸರಗೋಡಿನಲ್ಲಿ, ಹೊಸೂರಿನಲ್ಲಿ, ಅಕ್ಕಲಕೋಟೆಯಲ್ಲಿ ಕನ್ನಡ ಬಳಕೆಯಲ್ಲಿರುವ ಭಾಷೆಯೇ. ಅನುಚ್ಛೇದದ ಸಂಖ್ಯೆಯನ್ನು ಮಕ್ಕಳು ತಮ್ಮ ಪತ್ರದ ಮೇಲ್ಭಾಗದಲ್ಲಿ ಬರೆಯಲಿ. ಜೊತೆಗೆ ಅದೇ ಪತ್ರದ ಸಾರವನ್ನು ರಾಜ್ಯಭಾಷೆಯಲ್ಲಿ ನಾಲ್ಕು ಸಾಲುಗಳಲ್ಲಿ ಬರೆಯುವ ಅಭ್ಯಾಸವನ್ನೂ ಆ ಭಾಷೆಯ ಶಿಕ್ಷಕರ ನೆರವಿನಿಂದ ಮಾಡಿಸಬಹುದು. ‘ಲಾಗುವುದು’ ಎಂಬುದಕ್ಕೆ ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ಕಚೇರಿಯವರು ಏನು ಬರೆಯುತ್ತಾರೆಂದು ಆಗ ತಾನಾಗಿಯೇ ಕೇಳಿಬರುತ್ತದೆ.

ಮೌಲ್ಯಮಾಪನದಲ್ಲಿ ಚೌಕಟ್ಟಿಗೆ ಒಂದು ಅಂಕ ಸಾಕು. ಉಳಿದ ನಾಲ್ಕನ್ನು, ವಿದ್ಯಾರ್ಥಿ ತಾನು ಕಂಡ ಸಂಗತಿಯನ್ನು ಹೊತ್ತು ಮತ್ತು ದೂರದ ಸಮೇತ ಹೇಳಿರುವುದಕ್ಕೂ, ತನಗೆ ಬೇಕಾದುದನ್ನು ಮಾಡಬಲ್ಲವರು ಯಾರೆಂದು ಗುರುತಿಸಿರುವುದಕ್ಕೂ, ಎದುರು ಪಕ್ಷದ ಒಂದು ನ್ಯಾಯವಾದ ಮಾತನ್ನಾದರೂ ಒಪ್ಪಿಕೊಂಡಿರುವುದಕ್ಕೂ ಹಂಚಬೇಕು. ‘ಬಹಳ ತೊಂದರೆಯಾಗುತ್ತಿದೆ’ ಎಂಬ ವಾಕ್ಯ ಕಂಡಲ್ಲಿ ಅಂಕ ಕಳೆಯದೆ, ಅಂಚಿನಲ್ಲಿ ‘ಯಾರಿಗೆ? ಎಂದಿನಿಂದ?’ ಎಂದು ಬರೆದು ಪತ್ರವನ್ನು ಹಿಂದಿರುಗಿಸಬೇಕು.